ಶುಕ್ರವಾರ ಬಂದಿಳಿದ ಹುಳ

"ಗುರುಗಳೇ, ತಪ್ಪು ಯಾರದು? ಬರೆದು ಕಳಿಸುವವರದೋ, ಬರೆದುಕೊಳ್ಳುವವನದೋ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಓಬಳೇಶ. ಟೊಮೇಟೊ, ಮೆಣಸಿನ ಸಸಿ ಬೆಳೆಸಿ ಮಾರುವವನು. ಗುರುಗಳು ಬಹುಕಾಲ ವ್ಯಾಪಾರ ಮಾಡಿ, ಗಲ್ಲಾಪೆಟ್ಟಿಗೆಯನ್ನು ಮಗಳಿಗೆ ಬಿಟ್ಟುಕೊಟ್ಟು, ಈಗ ಕೇಳಿದವರಿಗೆ ಬುದ್ಧಿ ಹೇಳುತ್ತ ಕುಳಿತವರು. ಓಬಳೇಶ ಲ್ಯಾಪ್‌ಟಾಪನ್ನು ಅವರ ಮುಂದಿಟ್ಟ.

"ಜನ ಇ-ಮೇಲ್‌ನಲ್ಲಿ ಮನಸ್ಸಿಗೆ ಬಂದಂತೆ ಬರೆಯುತ್ತಾರೆ. ಸಸಿಯ ಮಾತಿಗಿಂತ ಮನೆಯ ಸುದ್ದಿಯೇ ಜಾಸ್ತಿ. ಅದನ್ನೆಲ್ಲ ಸೋಸಿ ಕೋಷ್ಟಕ ಮಾಡಿದ್ದೇನೆ. ನೋಡಿ, ಒಂದು ಚೌಕವೂ ಖಾಲಿಯಿಲ್ಲ. ಆದರೂ ಹೋದ ವಾರ ಕಳಿಸಿದ ಸಸಿ, ಹೊಲ ಸಿದ್ಧವಿಲ್ಲದ ಕಡೆಗೆ ಹೋಗಿ, ಬಾಡಿ ವಾಪಸು ಬಂತು. ನಾಳೆ ಬೆಳಿಗ್ಗೆ ಮತ್ತೆ ಗಾಡಿ ಹೊರಡಬೇಕು. ಇನ್ನೊಮ್ಮೆ ಹೀಗಾದರೆ ನನ್ನ ಹತ್ತಿರ ಯಾರೂ ಬರುವುದಿಲ್ಲ."

ಗುರುಗಳು ಪರದೆಯ ಕಡೆ ನೋಡಲಿಲ್ಲ. ಕತೆ ಶುರುಮಾಡಿದರು.

ಒಬ್ಬ ವ್ಯಾಪಾರಿಯಿದ್ದ. ರೇಷ್ಮೆ ಹುಳವನ್ನು ಮೊಟ್ಟೆಯೊಡೆದಾಗಿನಿಂದ ಸಾಕಿ, ತುಸು ಬೆಳೆದ ಮೇಲೆ ರೈತರಿಗೆ ಮಾರುತ್ತಿದ್ದ. ಲೆಕ್ಕ ಮೊಟ್ಟೆಯದು: ಒಂದು ಚಿಟ್ಟೆ ಇಟ್ಟ ಇಡೀ ಗುಂಪಿಗೆ ಒಂದು ಮೊಟ್ಟೆ ಎನ್ನುತ್ತಾರೆ. ಹುಳ ಮನೆಗೆ ಬಂದ ದಿನ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಸಿದ್ಧವಿರಬೇಕು. ಇಲ್ಲದಿದ್ದರೆ ಹುಳ ಸಾಯುತ್ತದೆ. ಅದಕ್ಕೆ ಕಾಯುವುದು ಗೊತ್ತಿಲ್ಲ.

ಬೇಡಿಕೆಗಳು ಇ-ಮೇಲ್‌ನಲ್ಲಿ ಬರುತ್ತಿದ್ದವು. ಮೊದಲೆಲ್ಲ ವ್ಯಾಪಾರಿಯೇ ಓದುತ್ತಿದ್ದ. ಕೈಮೀರಿದಾಗ ಒಬ್ಬ ಗುಮಾಸ್ತನನ್ನು ಇಟ್ಟುಕೊಂಡ. ಗುಮಾಸ್ತ ಚುರುಕು. ಹೆಸರು, ಊರು, ಎಷ್ಟು ಹುಳ, ಯಾವ ದಿನ ಎಂದು ಅಂಕಣ ಮಾಡಿ, ಬಂದದ್ದನ್ನೆಲ್ಲ ಅದಕ್ಕೆ ಇಳಿಸಿದ. ವ್ಯಾಪಾರಿ ಅವನಿಗೆ ಹೇಳಿದ್ದು ಇಷ್ಟೇ: "ಅರ್ಧಂಬರ್ಧ ಕೆಲಸ ನನಗೆ ಆಗಿಬರುವುದಿಲ್ಲ. ಒಂದು ಚೌಕವೂ ಖಾಲಿ ಇರಕೂಡದು."

ಒಬ್ಬ ರೈತ ಹೆಂಗಸು ಹೀಗೆ ಬರೆದಳು: "ಅಣ್ಣಾ, ಹೋದ ಸಲದಂತೆ ನೂರು ಮೊಟ್ಟೆಯ ಹುಳ ಬೇಕು. ತೋಟ ಕತ್ತರಿಸಿ ಈಗಷ್ಟೇ ಚಿಗುರು ಬಂದಿದೆ. ಶುಕ್ರವಾರ ಮಗಳನ್ನು ನೋಡಲು ಬರುತ್ತಾರೆ. ಆ ಗಡಿಬಿಡಿ ಮುಗಿಯಲಿ, ಸೊಪ್ಪು ನೋಡಿಕೊಂಡು ತಿಳಿಸುತ್ತೇನೆ."

ಗುಮಾಸ್ತ ದಿನದ ಚೌಕದಲ್ಲಿ ಶುಕ್ರವಾರ ಎಂದು ಬರೆದ. ಹುಳ ಶುಕ್ರವಾರ ಹೋಯಿತು.

ಮರುದಿನ ಹೆಂಗಸು ಟ್ರೇ ಹೊತ್ತುಕೊಂಡು ಬಂದಳು. ಅರ್ಧ ಹುಳ ತಲೆ ಎತ್ತುತ್ತಿರಲಿಲ್ಲ.

"ಅಣ್ಣಾ, ನನ್ನ ಮಗಳನ್ನು ನೋಡೋಕೆ ನಿಮ್ಮ ಹುಳವೂ ಬರಬೇಕಿತ್ತಾ? ನಾನು ಉಪ್ಪಿಟ್ಟು ಬಡಿಸ್ತಿದ್ದೀನಿ, ನಿಮ್ಮವರು ಅಂಗಳದಲ್ಲಿ ಟ್ರೇ ಇಳಿಸ್ತಿದ್ದಾರೆ!"

"ಶುಕ್ರವಾರ ಅಂತ ನೀವೇ ಬರೆದಿದ್ದೀರಲ್ಲಮ್ಮಾ," ಎಂದ ಗುಮಾಸ್ತ.

"ಬರೆದೆ. ಗಂಡಿನ ಕಡೆಯವರು ಬರೋ ದಿನ ಬರೆದೆ. ಹುಳ ಉಪ್ಪಿಟ್ಟು ತಿನ್ನುತ್ತಾ?"

ವ್ಯಾಪಾರಿ ಬೇರೆ ತೋಟದ ಸೊಪ್ಪು ಕೊಂಡು ತಂದು ಉಳಿದ ಹುಳವನ್ನು ಬದುಕಿಸಿಕೊಂಡ. ಆದರೆ ಅವನಿಗೆ ತಲೆಬುಡ ತಿಳಿಯಲಿಲ್ಲ. ಇ-ಮೇಲನ್ನೂ ಕೋಷ್ಟಕವನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಹೆಸರು ಸರಿ. ಊರು ಸರಿ. ನೂರು ಮೊಟ್ಟೆ ಸರಿ. ಶುಕ್ರವಾರವೂ ಅವಳದೇ ಮಾತು. ಎಲ್ಲ ಸರಿಯಿದ್ದೂ ಹುಳ ಸತ್ತದ್ದು ಹೇಗೆ?

ಅಂಕಣ ಸಾಲದೇನೋ ಎಂದುಕೊಂಡ. 'ಸೊಪ್ಪು ಬಂದಿದೆಯೇ' ಎಂದು ಒಂದನ್ನು ಸೇರಿಸಿದ. 'ಮನೆಯಲ್ಲಿ ಶುಭಕಾರ್ಯ ಉಂಟೇ' ಎಂದು ಇನ್ನೊಂದು. ಅಷ್ಟರಲ್ಲಿ ಒಬ್ಬ ರೈತ, ಭಾವಮೈದುನನನ್ನು ಕೇಳಿ ಹೇಳುತ್ತೇನೆ ಎಂದು ಬರೆದ. ಭಾವಮೈದುನನಿಗೂ ಒಂದು ಅಂಕಣ ಬಂತು. ಕೋಷ್ಟಕ ಪರದೆ ದಾಟಿ ಹೋಯಿತು. ಗುಮಾಸ್ತ ಎಲ್ಲ ಚೌಕವನ್ನೂ ತುಂಬಿದ. ಹುಳ ಮತ್ತೊಂದು ಮನೆಗೆ ಹೊತ್ತಲ್ಲದ ಹೊತ್ತಿಗೆ ಹೋಯಿತು. ಗುಮಾಸ್ತನನ್ನು ಬೈಯಬೇಕೋ, ರೈತರನ್ನು ಬೈಯಬೇಕೋ, ವ್ಯಾಪಾರಿಗೆ ಅದೂ ಹೊಳೆಯಲಿಲ್ಲ.

ಒಂದು ದಿನ ಗುಮಾಸ್ತನಿಗೆ ಹೊಟ್ಟೆನೋವು ಬಂದು ಕೆಲಸ ನಡುವಿನಲ್ಲೇ ಬಿಟ್ಟು ಮನೆಗೆ ಹೋದ. ವ್ಯಾಪಾರಿ ಬಂದು ನೋಡಿದರೆ ದಿನದ ಒಂದು ಚೌಕ ಖಾಲಿ. ಸಿಡುಕುತ್ತಲೇ ಆ ರೈತನಿಗೆ ಫೋನ್ ಮಾಡಿದ.

"ಹುಳ ಯಾವತ್ತು ಕಳಿಸಲಿ ಮಾರಾಯ?"

"ಈಗ ಬೇಡ ಸ್ವಾಮಿ. ಆಲಿಕಲ್ಲು ಬಿದ್ದು ಸೊಪ್ಪೆಲ್ಲ ಹರಿದುಹೋಗಿದೆ. ನೀವು ಕೇಳಿದ್ದು ಒಳ್ಳೆಯದಾಯಿತು."

ಫೋನ್ ಕೆಳಗಿಟ್ಟು ವ್ಯಾಪಾರಿ ಟ್ರೇ ಹೊತ್ತು ತಂದಿದ್ದ ಹೆಂಗಸಿನ ಸಾಲನ್ನು ತೆಗೆದು ನೋಡಿದ; ದಿನದ ಚೌಕ ತುಂಬಿತ್ತು. ಆ ಹೆಂಗಸಿಗೆ ಯಾರೂ ಫೋನ್ ಮಾಡಿರಲಿಲ್ಲ. ಮಾಡಬೇಕೆಂದು ಯಾರಿಗೂ ತೋರಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ ಅವನು ಏನು ಮಾಡಿದ?" ಎಂದು ಓಬಳೇಶ ಕೇಳಿದ.

ಗುರುಗಳು ಆಗ ಮಾತ್ರ ಲ್ಯಾಪ್‌ಟಾಪನ್ನು ಅವನ ಕಡೆಗೆ ತಿರುಗಿಸಿದರು. ಪರದೆಯ ತುಂಬ ಸಾಲುಗಳು, ಸಾಲಿನ ತುಂಬ ಅಕ್ಷರ. ಓಬಳೇಶ ಮೇಲಿನಿಂದ ಕೆಳಕ್ಕೆ ನೋಡಿದ. ಮತ್ತೆ ಮೇಲಿನಿಂದ ನೋಡಿದ. ಖಾಲಿ ಚೌಕ ಒಂದೂ ಸಿಗಲಿಲ್ಲ. ಗುರುಗಳು ಕೇಳಿದ್ದು ಇಷ್ಟೇ:

"ನಾಳೆ ಗಾಡಿ ಹೊರಡುವ ಮೊದಲು ಯಾರಿಗೆ ಫೋನ್ ಮಾಡುತ್ತೀಯ, ಇದನ್ನು ನೋಡಿ ಹೇಳಪ್ಪ."