ಪಂಚೆಯ ಹಿಂದೆ ನಿಂತವಳು

“ಗುರುಗಳೇ, ಮನಸ್ಸಿಗೆ ಅಂಟಿಕೊಂಡದ್ದನ್ನು ಒರೆಸಿಹಾಕುವುದು ಹೇಗೆ?” ಎಂದು ನಿಜಗುಣ ಕೇಳಿದ.

ಅವನು ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ತಾಯಿ ತೀರಿಕೊಂಡ ಮೇಲೆ ಬಂದವನು. ಧ್ಯಾನಕ್ಕೆ ಕುಳಿತು ಕಣ್ಣು ಮುಚ್ಚಿದರೆ ಸಾಕು, ಅವ್ವ ಒಲೆಯ ಮುಂದಿನಿಂದ ಕರೆದಂತೆ ಕೇಳುತ್ತಿತ್ತು. “ರೊಟ್ಟಿ ಆರಾಕತ್ತಾವ, ಬಾರೋ ನಿಜಗುಣಾ” ಎಂಬ ಅದೇ ಕೂಗು. ಅದು ಕೇಳಿದ ಮೇಲೆ ಜಪವೂ ಇಲ್ಲ, ಧ್ಯಾನವೂ ಇಲ್ಲ. ಆ ಕೂಗು ಹೋಗಬೇಕು, ಮನಸ್ಸು ಕನ್ನಡಿಯ ಹಾಗೆ ಶುಭ್ರವಾಗಬೇಕು ಎಂಬುದು ಅವನ ಆಸೆ. ಅದನ್ನೆಲ್ಲ ಹೇಳಿಕೊಂಡ.

ಗುರುಗಳು ನಕ್ಕರು. “ಕನ್ನಡಿಯ ಹಾಗೆ ಎಂದೆಯಲ್ಲ. ಕೂತುಕೋ, ಹಾಗೆ ಹೊಳೆಯುವುದೊಂದರ ಕತೆ ಹೇಳುತ್ತೇನೆ” ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದ. ಹೆಸರು ಬೇಡ. ಹೆಸರು ಹೇಳಿದರೆ ನೀನು ಅವನ ಅಂಗಡಿ ಎಲ್ಲಿ ಎಂದು ಕೇಳುತ್ತೀಯ, ಕತೆ ಅಲ್ಲಿಗೇ ನಿಂತುಹೋಗುತ್ತದೆ. ಅವನಿಗೆ ನಾಣ್ಯ ಕೂಡಿಡುವ ಹುಚ್ಚು. ಸಂತೆಯಲ್ಲಿ ಕೈಯಿಂದ ಕೈಗೆ ತಿರುಗಿ ಸವೆದ ನಾಣ್ಯವಲ್ಲ. ಟಂಕಸಾಲೆಯವರು ಸಂಗ್ರಹಕ್ಕೆಂದೇ ಹೊಳಪು ಕೊಟ್ಟು, ಡಬ್ಬಿಯಲ್ಲಿಟ್ಟು ಕಳಿಸುವ ಬೆಳ್ಳಿ ನಾಣ್ಯ. ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಅವುಗಳ ಫೋಟೋ ತೆಗೆದು ತನ್ನಂಥ ಹುಚ್ಚರಿಗೆ ಕಳಿಸುವುದು, ಅವರು ಭೇಷ್ ಎಂದರೆ ವಾರವಿಡೀ ಹಿಗ್ಗುವುದು, ಇದೇ ಅವನ ಭಾನುವಾರದ ಪೂಜೆ.

ಹೊಳೆಯುವ ನಾಣ್ಯದ ಫೋಟೋ ತೆಗೆಯುವುದು ಸುಲಭವಲ್ಲ. ಎದುರಿಗೆ ಏನಿದೆಯೋ ಅದೆಲ್ಲ ಅದರೊಳಗೆ ಬಂದು ಕೂರುತ್ತದೆ. ಮೊದಲ ಸಲ ಅವನ ಮೂಗೇ ಬಂತು. ಎರಡನೆಯ ಸಲ ಟ್ಯೂಬ್‌ಲೈಟು ಬಂದು ನಾಣ್ಯದ ಸಿಂಹಗಳ ಮೇಲೆ ಬಿಳಿ ಬರೆ ಎಳೆಯಿತು. ತಪ್ಪುತ್ತ ತಪ್ಪುತ್ತ ಅವನು ಕಲಿತ. ಕಿಟಕಿಯ ಪಕ್ಕಕ್ಕೆ ಮೇಜು ಎಳೆದ. ನಾಣ್ಯದ ಅಡಿಗೆ ಕಪ್ಪು ಬಟ್ಟೆ ಹಾಸಿದ. ಕ್ಯಾಮೆರಾದ ಸುತ್ತ ಕಪ್ಪು ಕಾಗದ ಕಟ್ಟಿದ. ಕಿಟಕಿಯಿಂದ ಬಂದ ಬೆಳಕನ್ನು ತಿರುಗಿಸಿ ನಾಣ್ಯದ ಮೇಲೆ ಮೆತ್ತಗೆ ಬೀಳಿಸಲು ಎದುರು ಬದಿಯಲ್ಲಿ ಯಾರಾದರೂ ಬಿಳಿ ಹಾಳೆ ಹಿಡಿದು ನಿಲ್ಲಬೇಕಿತ್ತು. ಹೆಂಡತಿ ನಿಂತಳು. ಹಾಳೆ ಸಣ್ಣದು. ಅವಳ ಹಸಿರು ಸೀರೆ ನಾಣ್ಯದೊಳಗೆ ಇಳಿದು ಬೆಳ್ಳಿಗೆ ಪಾಚಿ ಕಟ್ಟಿದಂತೆ ಕಂಡಿತು.

“ಮುಂದಿನ ವಾರ ಬಿಳಿ ಸೀರೆ ಉಟ್ಟುಕೊಂಡು ಬಾ” ಎಂದ ಗಡಿಯಾರದವನು. ತಲೆಯಲ್ಲಿ ನಾಣ್ಯ ಬಿಟ್ಟರೆ ಬೇರೇನೂ ಇರಲಿಲ್ಲ.

“ನೀವು ಗುಂಡುಕಲ್ಲಿನ ಹಾಗೆ ಎದುರಿಗೆ ಕೂತಿರುವಾಗ ನಾನ್ಯಾಕ್ರೀ ಬಿಳಿ ಸೀರೆ ಉಡಲಿ? ಬಿಡ್ತು ಅನ್ನಿ” ಎಂದಳು ಅವಳು.

ಅವನು ನಾಲಿಗೆ ಕಚ್ಚಿಕೊಂಡು ಬಿಡ್ತು ಅಂದ. ಅವಳು ಹಿತ್ತಲಿಗೆ ಹೋಗಿ, ಒಗೆದು ಹರವಿದ್ದ ಅವನ ಪಂಚೆಯನ್ನೇ ತಂದಳು. ಎರಡೂ ಕೈ ಮೇಲೆತ್ತಿ ಅದನ್ನು ಹಿಡಿದು, ತಲೆಯಿಂದ ಕಾಲಿನವರೆಗೆ ಮರೆಯಾದಳು. ಬಳೆಯ ಸದ್ದು ಮಾತ್ರ ಕೇಳಿತು.

“ಈಗ ನಾನಿಲ್ಲ, ತೆಗೀರಿ” ಎಂದಳು ಪಂಚೆಯ ಹಿಂದಿನಿಂದ.

ಫೋಟೋ ಚೆನ್ನಾಗಿ ಬಂತು. ಅಂದಿನಿಂದ ಒಂಬತ್ತು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ ಅವಳು ಪಂಚೆ ಹಿಡಿದು ನಿಂತಳು. ಕೈ ಸೋತರೆ ಪಂಚೆ ಸ್ವಲ್ಪ ನಡುಗುತ್ತಿತ್ತು. “ಅಲುಗಾಡಬೇಡ” ಎನ್ನುತ್ತಿದ್ದ ಅವನು. ಭಾನುವಾರ ಅವಳೊಡನೆ ಅವನು ಆಡುತ್ತಿದ್ದ ಮಾತು ಹೆಚ್ಚುಕಡಿಮೆ ಅದೊಂದೇ.

ಒಂದು ಸಲ ಎಡವಟ್ಟಾಯಿತು. ಹೊಸ ನಾಣ್ಯ ಬಂದಿತ್ತು. ನೋಡಲು ಅವಳು ಬಗ್ಗಿದಳು. ಹಣೆಯ ಕುಂಕುಮದ ಒಂದು ಕಣ ನಾಣ್ಯದ ಮೇಲೆ ಉದುರಿತು. ಬಿದ್ದ ಕುಂಕುಮವನ್ನು ಊದಬಾರದು, ಬಟ್ಟೆಯಿಂದ ಒರೆಸಬಾರದು, ಬೆರಳಿನಿಂದ ಎತ್ತಿ ಮತ್ತೆ ಹಣೆಗೇ ಇಟ್ಟುಕೊಳ್ಳಬೇಕು ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಅವಳು ಹಾಗೆಯೇ ಮಾಡಿದಳು. ಕುಂಕುಮ ಹಣೆಗೆ ಹೋಯಿತು, ಬೆರಳಿನ ಗುರುತು ನಾಣ್ಯಕ್ಕೆ ಉಳಿಯಿತು. ಅಂಥ ಹೊಳಪಿಗೆ ಒಮ್ಮೆ ಬೆರಳು ತಾಗಿದರೆ ಗುರುತು ಕಚ್ಚಿಕೊಳ್ಳುತ್ತದೆ. ಉಜ್ಜಿದರೆ ಗೀರು ಬೀಳುತ್ತದೆ.

ಗಡಿಯಾರದವನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ನಾಣ್ಯವನ್ನು ಹಳೆಯ ಸ್ಪ್ರಿಂಗು, ಮುರಿದ ಮುಳ್ಳುಗಳನ್ನು ಹಾಕುವ ತಗಡಿನ ಡಬ್ಬಿಗೆ ಎಸೆದ. ಎರಡು ದಿನ ಮಾತು ಬಿಟ್ಟ. ಮುಂದಿನ ಭಾನುವಾರದಿಂದ ಅವಳು ಬೆರಳುಗಳನ್ನೂ ಪಂಚೆಯ ಅಂಚಿನಲ್ಲಿ ಸುತ್ತಿಕೊಂಡು ನಿಂತಳು.

ನಿನ್ನದೂ ಒಂದು ಫೋಟೋ ತೆಗೆಯುತ್ತೇನೆ ಎಂದು ಅವನು ಆಗಾಗ ಹೇಳುತ್ತಿದ್ದ. “ಮೊದಲು ನಾಣ್ಯದ್ದು ಮುಗಿಸಿ” ಎನ್ನುತ್ತಿದ್ದಳು. ನಾಣ್ಯ ಮುಗಿಯಲಿಲ್ಲ. ಒಂದು ಚಳಿಗಾಲ ಮೂರು ದಿನದ ಜ್ವರದಲ್ಲಿ ಅವಳು ಹೋಗಿಬಿಟ್ಟಳು.

ಮನೆಯಲ್ಲಿ ಇದ್ದದ್ದು ಮದುವೆಯ ಫೋಟೋ ಒಂದೇ. ಅದರಲ್ಲಿ ಅವಳು ತಲೆ ತಗ್ಗಿಸಿ ಕೂತಿದ್ದಳು. ಬಾಸಿಂಗದ ಅಡಿಯಲ್ಲಿ ಮುಖವೇ ಕಾಣದು. ಗಡಿಯಾರದವನು ನಾಣ್ಯಗಳ ಫೋಟೋ ತೆರೆದು ಕೂತ. ಒಂಬತ್ತು ವರ್ಷದ್ದು, ಒಂದೊಂದನ್ನೂ ದೊಡ್ಡದು ಮಾಡಿ ನೋಡಿದ. ಎಲ್ಲಾದರೂ ಒಂದು ಅಂಚಿನಲ್ಲಿ ಸೀರೆಯ ಬಣ್ಣ ಇಣುಕಿರಬಹುದು, ಒಂದು ಬಳೆಯ ಚೂರಾದರೂ ಸಿಕ್ಕಿರಬಹುದು ಎಂಬ ಆಸೆ. ಎಲ್ಲ ಕಡೆ ಬಿಳುಪು. ಅವಳು ಒಂಬತ್ತು ವರ್ಷ ಆ ನಾಣ್ಯಗಳ ಎದುರಿಗೇ ನಿಂತಿದ್ದಳು. ಒಂದರಲ್ಲೂ ಇರಲಿಲ್ಲ. ಅಷ್ಟು ಚೆನ್ನಾಗಿ ಅವನು ಕೆಲಸ ಮಾಡಿದ್ದ.

ಒಂದು ಭಾನುವಾರ ಎರಡು ಕುರ್ಚಿ ನಿಲ್ಲಿಸಿ, ನಡುವೆ ಹಗ್ಗ ಕಟ್ಟಿ ಪಂಚೆ ಇಳಿಬಿಟ್ಟ. ಫೋಟೋ ಎಂದಿಗಿಂತ ಚೆನ್ನಾಗಿ ಬಂತು. ಪಂಚೆ ಒಂದಿಷ್ಟೂ ಅಲುಗಾಡಲಿಲ್ಲ. ಅದನ್ನು ನೋಡಿ ಅವನು ಅತ್ತ. ಹೊಗಳಿಕೆಗೆ ಹಿಗ್ಗುತ್ತಿದ್ದವನಿಗೆ ಈಗ ಬೇಕಾಗಿದ್ದದ್ದು ಒಂದು ಸಣ್ಣ ನಡುಕ.

ಆಗ ತಗಡಿನ ಡಬ್ಬಿ ನೆನಪಾಯಿತು. ನೆಲಕ್ಕೆ ಸುರಿದು ಹುಡುಕಿದ. ನಾಣ್ಯ ಸಿಕ್ಕಿತು. ಚಿಮಟದಲ್ಲಿ ಹಿಡಿದು ಮೇಜಿನ ಮೇಲಿಟ್ಟ. ನೋಡಿದರೆ ನಾಣ್ಯ ಹೊಸದರ ಹಾಗೆ ಬೆಳ್ಳಗಿದೆ, ಗುರುತು ಕಾಣುತ್ತಿಲ್ಲ. ಇದೂ ಹೋಯಿತೇ ಎಂದುಕೊಂಡ. ಆಮೇಲೆ ಹೊಳೆಯಿತು. ಮೆತ್ತಗಿನ ಬೆಳಕು ಗುರುತನ್ನು ಮುಚ್ಚುತ್ತದೆ. ಅದಕ್ಕೆಂದೇ ಅಲ್ಲವೇ ಪಂಚೆ ಹಿಡಿಸಿದ್ದು?

ಹೋಗಿ ಪಂಚೆಯನ್ನು ಎಳೆದುಹಾಕಿದ. ಕೋಣೆಯ ಕತ್ತಲು ನಾಣ್ಯದೊಳಗೆ ಇಳಿಯಿತು. ಕಿಟಕಿಯ ಬಿಸಿಲು ಪಕ್ಕದಿಂದ ಓರೆಯಾಗಿ ಬಿತ್ತು. ಕಪ್ಪಾದ ಹೊಳಪಿನ ಮೇಲೆ ಬೆರಳಿನ ಗೆರೆಗಳು ಒಂದೊಂದಾಗಿ ಬೆಳ್ಳಗೆ ಎದ್ದವು. ಅವಳ ಬೆರಳು. ಬಲಗೈಯ ಉಂಗುರದ ಬೆರಳು, ಕುಂಕುಮ ಇಡುವ ಬೆರಳು. ಗಡಿಯಾರದವನು ಕ್ಯಾಮೆರಾ ಮುಟ್ಟಲಿಲ್ಲ. ಬಿಸಿಲು ಸರಿದಂತೆಲ್ಲ ಕುರ್ಚಿ ಸರಿಸಿಕೊಂಡು ನೋಡುತ್ತ ಕೂತ.

ಅಷ್ಟರಲ್ಲಿ ಅವನ ಹಾಗೆಯೇ ನಾಣ್ಯ ಕೂಡಿಡುವ ಗೆಳೆಯನೊಬ್ಬ ಬಂದ. ಮೇಜಿನ ಮೇಲೆ ಬಗ್ಗಿ ನೋಡಿದ.

“ಅಯ್ಯೋ, ಇಂಥ ನಾಣ್ಯಕ್ಕೆ ಯಾರಪ್ಪಾ ಬೆರಳಿಟ್ಟದ್ದು! ಈಗ ಹೊಸದೊಂದು ದ್ರಾವಣ ಬಂದಿದೆ. ಎರಡು ನಿಮಿಷದಲ್ಲಿ ತೆಗೆದುಬಿಡುತ್ತೇನೆ. ಒಮ್ಮೆ ಹೋದರೆ ಮತ್ತೆ ಕಾಣುವುದೇ ಇಲ್ಲ. ಕೊಡು ಇಲ್ಲಿ” ಎಂದು ಕೈ ಚಾಚಿದ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ನಿಜಗುಣ ಮುಂದಕ್ಕೆ ಜರುಗಿ ಕೂತ.

“ಕೊಟ್ಟನೇ, ಗುರುಗಳೇ?” ಎಂದು ಕೇಳಿದ.

ಗುರುಗಳು ಅವನ ಎದುರಿಗೆ ತಮ್ಮ ಅಂಗೈ ಚಾಚಿದರು.

“ಒರೆಸುವ ದಾರಿ ನನಗೂ ಗೊತ್ತು ನಿಜಗುಣಾ, ನಿನ್ನ ಅವ್ವನ ಕೂಗನ್ನು ಕೊಡು ಇಲ್ಲಿ.”

ನಿಜಗುಣ ಎರಡೂ ಕೈಗಳನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದ.