ಹಾರ ಹಿಡಿದು ನಿಂತವರು ಕೂಗಿದ್ದು

“ಗುರುಗಳೇ, ಹಿಡಿದ ವ್ರತವನ್ನು ನಡುವೆ ಬಿಟ್ಟವನು ಹೇಡಿಯಲ್ಲವೇ?”

ಹೀಗೆ ಕೇಳಿದವನು ಗುರುಶಾಂತ, ಮಠದ ಶಿಷ್ಯರಲ್ಲಿ ಎಲ್ಲರಿಗಿಂತ ಕಿರಿಯವನು. ಅವನು ಅನ್ನ ಬಿಟ್ಟು ಬರೀ ನೀರಿನ ಮೇಲಿದ್ದ. ಅಮಾವಾಸ್ಯೆಗೆ ಮುಗಿಸಿಬಿಡು ಎಂದು ಗುರುಗಳು ಮೊದಲೇ ಹೇಳಿದ್ದರು. ಅವನು ಮುಗಿಸಲಿಲ್ಲ. ಈಗ ಹುಣ್ಣಿಮೆ ಹತ್ತಿರ ಬಂದಿತ್ತು. ಊರಿನವರು ಬಂದು ಅವನ ಕಾಲು ಮುಟ್ಟಿ ಹೋಗುತ್ತಿದ್ದರು. ಹುಣ್ಣಿಮೆಯ ದಿನ ಅವನನ್ನು ಮೆರವಣಿಗೆ ಮಾಡಬೇಕೆಂದು ಮಾತಾಗಿತ್ತು. ಹಿಂದಿನ ದಿನ ಅವನು ಬಾವಿಕಟ್ಟೆಯ ಹತ್ತಿರ ತಲೆ ಸುತ್ತಿ ಬಿದ್ದಿದ್ದ. ಸುದ್ದಿ ಕೇಳಿ ಅವನ ತಾಯಿ ಬೆಳಿಗ್ಗೆಯೇ ಗಂಜಿಯ ಪಾತ್ರೆ ಹಿಡಿದು ಬಂದಿದ್ದಳು. ಅವಳನ್ನು ಕಂಡೊಡನೆ ಅವನು ಕಣ್ಣು ಮುಚ್ಚಿ ಜಪಕ್ಕೆ ಕೂತಿದ್ದ. ಅವಳು ಹೊರಗಿನ ಜಗಲಿಯಲ್ಲಿ ಕೂತು ಏನೋ ಹೇಳುತ್ತಲೇ ಇದ್ದಳು.

ಗುರುಗಳು ಅವನ ಕೈ ನೋಡಿದರು. ಜಪಸರವನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದಿದ್ದ.

“ಆಣೆ ಹಾಕಿ ನಿನ್ನ ವ್ರತ ಬಿಡಿಸುವುದು ನನಗೆ ದೊಡ್ಡ ಮಾತಲ್ಲ. ಆಗ ಬಿಟ್ಟವನು ನೀನಾಗುವುದಿಲ್ಲ, ಬಿಡಿಸಿದವನು ನಾನಾಗುತ್ತೇನೆ. ಬದುಕಿರುವಷ್ಟು ದಿನ ನನ್ನ ಮೇಲೆ ಸಿಟ್ಟು ಸಾಕುತ್ತೀಯ. ಅದು ಬೇಡ. ಒಂದು ಕತೆ ಹೇಳುತ್ತೇನೆ. ಕೂತೇ ಕೇಳು. ವಿನಯ ತೋರಿಸಲು ಎದ್ದು ನಿಂತರೆ ಮತ್ತೆ ಬೀಳುತ್ತೀಯ.”

ಗುರುಗಳು ಹೇಳಿದ ಕತೆ ಇದು.

ಒಬ್ಬ ಪೈಲಟ್ ಇದ್ದ. ಅವನದು ಸಣ್ಣ ವಿಮಾನ. ಅವನಲ್ಲದೆ ಇನ್ನು ಮೂವರು ಕೂರಬಹುದಿತ್ತು, ಅದೂ ಮಂಡಿ ಮಡಿಸಿಕೊಂಡು. ಬಯಲಿನ ಪಟ್ಟಣದಿಂದ ಬೆಟ್ಟಸಾಲಿನ ಆಚೆಯ ಪೇಟೆಗೆ ಜನರನ್ನು ಕರೆದೊಯ್ಯುವುದು ಅವನ ಕೆಲಸ. ರಸ್ತೆಯಲ್ಲಿ ಹೋದರೆ ಇಡೀ ದಿನ ಹಿಡಿಯುತ್ತಿತ್ತು. ಅವನ ವಿಮಾನದಲ್ಲಿ ಎಲೆ ಅಡಿಕೆ ಅಗಿದು ಉಗಿಯುವಷ್ಟರಲ್ಲಿ ಊರು ಬರುತ್ತದೆ ಎಂದು ಜನ ಹೇಳುತ್ತಿದ್ದರು. ಉಗಿಯಲು ಅಲ್ಲಿ ಜಾಗವಿಲ್ಲ ಅನ್ನುವುದು ಬೇರೆ ಮಾತು.

ಅವನಿಗೆ ವಿದ್ಯೆ ಕಲಿಸಿದವನು ಒಬ್ಬ ಮುದುಕ. ಆ ಮುದುಕ ಎರಡೇ ಮಾತು ಹೇಳಿಕೊಟ್ಟಿದ್ದ.

ಒಂದು: “ಎಲ್ಲಿಂದ ಹಿಂತಿರುಗಬೇಕು ಅನ್ನುವುದನ್ನು ಕಾಲು ನೆಲದ ಮೇಲಿರುವಾಗಲೇ ಗೊತ್ತು ಮಾಡಿಕೋ. ದಾರಿಯಲ್ಲಿ ಒಂದು ಬೋಳುಗುಡ್ಡ ಇದೆ. ಅದರ ಮೇಲಕ್ಕೆ ಬಂದಾಗ ಮುಂದಿನ ಕಣಿವೆ ತಿಳಿಯಾಗಿ ಕಾಣಬೇಕು. ಕಾಣದಿದ್ದರೆ ತಿರುಗಿಬಿಡು. ಅಲ್ಲಿಗೆ ಹೋಗಿ ಯೋಚನೆ ಮಾಡಬೇಡ. ಮೇಲೆ ಹೋದವನ ಬುದ್ಧಿ ಅವನ ಕೈಯಲ್ಲಿ ಇರುವುದಿಲ್ಲ.”

ಇನ್ನೊಂದು: “ಹಾಗಿದ್ದೂ ಗಾಳಿಯ ಕೈಗೆ ಸಿಕ್ಕಿಬಿದ್ದರೆ ಅದರ ಜೊತೆ ಜಗಳಕ್ಕೆ ನಿಲ್ಲಬೇಡ. ವೇಗ ತಗ್ಗಿಸು. ಎತ್ತಿದರೆ ಏರು, ಕುಕ್ಕಿದರೆ ಇಳಿ. ರೆಕ್ಕೆ ಸಮವಾಗಿರಲಿ. ಕೈ ಸಡಿಲವಾಗಿರಲಿ.”

ಗಾಳಿಗೆ ಸಿಕ್ಕವನಿಗೆ ಬೇಗ ದಾಟಿಬಿಡೋಣ ಅನ್ನಿಸುತ್ತದೆ. ಅದು ಮನುಷ್ಯನ ಸ್ವಭಾವ. ಆದರೆ ಹಳ್ಳಕೊಳ್ಳದ ದಾರಿಯಲ್ಲಿ ಎತ್ತು ಬೆದರಿ ಗಾಡಿ ಓಡಿದರೆ ಅಚ್ಚು ಮುರಿಯುತ್ತದೆ. ನಿಧಾನವಾಗಿ ಹೋದ ಗಾಡಿ ಅದೇ ಹಳ್ಳದಲ್ಲಿ ಕುಲುಕುತ್ತದೆ, ಅಷ್ಟೇ. ಮುದುಕನಿಗೆ ಅದು ಗೊತ್ತಿತ್ತು.

ಪೈಲಟ್ ಬಹಳ ವರ್ಷ ಆ ಮಾತಿನಂತೆ ನಡೆದ. ಮಧ್ಯಾಹ್ನದ ಮೇಲೆ ಮೋಡ ಕಟ್ಟುವ ಕಾಲದಲ್ಲಿ ಎಷ್ಟೋ ಸಲ ಬೋಳುಗುಡ್ಡದ ತನಕ ಹೋಗಿ ತಿರುಗಿ ಬಂದ. ಜನ ಅವನಿಗೆ ಗುಡ್ಡಕ್ಕೆ ಪ್ರದಕ್ಷಿಣೆ ಹಾಕಿ ಬರುವ ಪೂಜಾರಿ ಎಂದು ಹೆಸರಿಟ್ಟರು. ಅವನೂ ಅವರ ಜೊತೆ ನಗುತ್ತಿದ್ದ. ಒಳಗೆ ಮಾತ್ರ ಚುಚ್ಚುತ್ತಿತ್ತು.

ಒಂದು ದಿನ ಒಬ್ಬ ಪುಢಾರಿ ವಿಮಾನ ಹತ್ತಿದ. ಬೋಳುಗುಡ್ಡದ ಮೇಲೆ ಬಂದಾಗ ಮುಂದೆ ಕಣಿವೆ ಇರಲಿಲ್ಲ, ಮೋಡ ಇತ್ತು. ಮೋಡದ ಅಡಿಯಲ್ಲಿ ಒಂದು ಕಡೆ ಬೆಳಕು ಕಾಣುತ್ತಿತ್ತು. “ಅದೋ, ದಾರಿ ಇದೆಯಲ್ಲ. ಗಂಡಸಾದರೆ ನುಗ್ಗಪ್ಪ!” ಎಂದ ಪುಢಾರಿ. ಪೈಲಟ್ ನುಗ್ಗಿದ. ಗಾಳಿ ಅವರನ್ನು ಮೊರದಲ್ಲಿಟ್ಟು ಕೇರಿತು. ಕೇರಿ ಆಚೆಗೆ ಚೆಲ್ಲಿತು. ಬದುಕಿದೆಯಾ ಬಡಜೀವವೇ ಎಂದು ಪೇಟೆಯಲ್ಲಿ ಇಳಿದರು.

ಪುಢಾರಿಯ ಪಂಚೆ ಒದ್ದೆಯಾಗಿತ್ತು. ಅದನ್ನು ಮರೆಸಲೆಂದು ಅವನು ದೊಡ್ಡ ಗಂಟಲಿನಲ್ಲಿ ಪೈಲಟ್‌ನನ್ನು ಹೊಗಳಿದ. ಇವನು ಗಾಳಿಯನ್ನೇ ಗೆದ್ದವನು ಎಂದ. ತನಗೆಂದು ತಂದಿದ್ದ ಹಾರವನ್ನು ತೆಗೆದು ಅವನ ಕೊರಳಿಗೆ ಹಾಕಿದ. ಜನ ಚಪ್ಪಾಳೆ ತಟ್ಟಿದರು. ಹೊಗಳಿ ಅಟ್ಟಕ್ಕೆ ಹತ್ತಿಸಿದರು. ಏಣಿ ತೆಗೆದದ್ದು ಅವನಿಗೆ ಕಾಣಲಿಲ್ಲ.

ಆ ದಿನ ಅವನನ್ನು ದಾಟಿಸಿದ್ದು ಅದೃಷ್ಟ. ಅವನು ತನ್ನ ಕೈ ಅಂದುಕೊಂಡ. ಆಮೇಲೆ ಹಲವು ಸಲ ಗುಡ್ಡ ಮೀರಿ ಹೋದ, ಹಲವು ಸಲ ಪಾರಾದ. ಪಾರಾದ ಪ್ರತಿ ಸಲವೂ ಆ ಗುಡ್ಡ ಅವನಿಗೆ ಸ್ವಲ್ಪ ಸಣ್ಣದಾಗಿ ಕಂಡಿತು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಕಣದಲ್ಲಿ ರಾಶಿ ಮಾಡುವವರಿಗೆ ಹೇಳಿದ್ದು. ಅವನು ಅದನ್ನು ಆಕಾಶಕ್ಕೆ ತೆಗೆದುಕೊಂಡು ಹೋದ.

ಪೇಟೆಯವರು ಅವನಿಗೊಂದು ಸನ್ಮಾನ ಇಟ್ಟುಕೊಂಡರು. ವಿಮಾನ ಇಳಿಯುವ ಬಯಲಿನಲ್ಲೇ ಶಾಮಿಯಾನ ಹಾಕಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ, ಆಳುದ್ದದ ಹಾರ ಎಲ್ಲ ತಂದಿಟ್ಟರು. ಬಯಲಿನ ಅಂಚಿನಲ್ಲಿ ಒಂದು ತಗಡಿನ ಕೋಣೆ ಇತ್ತು. ಅಲ್ಲಿ ರೇಡಿಯೊ ನೋಡಿಕೊಳ್ಳುವವನು ಕೂರುತ್ತಿದ್ದ. ನಮ್ಮ ಪೈಲಟ್ ಬರುವಾಗ ಆಡುವ ಮಾತು ಎಲ್ಲರಿಗೂ ಕೇಳಲಿ ಎಂದು ಆ ಕೋಣೆಯ ರೇಡಿಯೊವನ್ನು ಶಾಮಿಯಾನದ ಧ್ವನಿವರ್ಧಕಕ್ಕೆ ಸೇರಿಸಿದರು.

ಆ ರೇಡಿಯೊದ ರೀತಿಯನ್ನು ನಿನಗೆ ಹೇಳಬೇಕು. ವಿಮಾನ ನಡೆಸುವ ಹಿಡಿಕೆಯಲ್ಲೇ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಪೈಲಟ್‌ನ ಮಾತು ಕೆಳಗೆ ಹೋಗುತ್ತದೆ. ಬಿಟ್ಟರೆ ಕೆಳಗಿನವರ ಮಾತು ಅವನಿಗೆ ಬರುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ.

ಅವತ್ತು ವಿಮಾನದಲ್ಲಿ ಇದ್ದವನು ಒಬ್ಬ ಬಟ್ಟೆ ವ್ಯಾಪಾರಿ. ಅವನು ಪೇಟೆಯವನೇ. ಮೊಮ್ಮಗುವಿಗೆ ಬೆಳ್ಳಿಯ ಉಡುದಾರ ಕೊಂಡು ಮನೆಗೆ ಹೊರಟಿದ್ದ. ಸನ್ಮಾನಕ್ಕೂ ಅವನಿಗೂ ಸಂಬಂಧವಿರಲಿಲ್ಲ.

ಬೋಳುಗುಡ್ಡದ ಮೇಲೆ ಬಂದರು. ಮುಂದೆ ಮೋಡ ಕಪ್ಪಾಗಿ ನಿಂತಿತ್ತು. ಅಡಿಯಲ್ಲಿ ಒಂದು ಕಡೆ ಬೆಳಕು ಕಾಣುತ್ತಿತ್ತು. ಪೈಲಟ್ ಗುಡ್ಡವನ್ನು ನೋಡಲೇ ಇಲ್ಲ. ಒಳಗೆ ಹೋದ. ಹೋದ ಮೇಲೆ ಆ ಬೆಳಕು ಮುಚ್ಚಿತು.

ಮೊದಲ ಹೊಡೆತಕ್ಕೆ ವ್ಯಾಪಾರಿಯ ತಲೆ ಮೇಲಿನ ತಗಡಿಗೆ ಬಡಿಯಿತು. ಎರಡನೆಯದಕ್ಕೆ ಪೈಲಟ್ ಹಿಡಿಕೆಯನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದ. ಗಾಳಿ ಮೇಲಕ್ಕೆ ಎತ್ತಿದಾಗ ಕೆಳಕ್ಕೆ ತಳ್ಳಿದ. ಕೆಳಕ್ಕೆ ಕುಕ್ಕಿದಾಗ ಮೇಲಕ್ಕೆ ಎಳೆದ. ಬೇಗ ದಾಟಿಬಿಡೋಣ ಎಂದು ವೇಗ ಹೆಚ್ಚಿಸಿದ. ಮುದುಕ ಹೇಳಿದ್ದರಲ್ಲಿ ಒಂದನ್ನೂ ಮಾಡಲಿಲ್ಲ. ಮುಷ್ಟಿಯ ಬಿಗಿಗೆ ಗುಂಡಿ ಒತ್ತಿಹೋಗಿತ್ತು. ಅದು ಅವನಿಗೆ ಗೊತ್ತಾಗಲಿಲ್ಲ.

ಕೆಳಗೆ ಶಾಮಿಯಾನದಲ್ಲಿ ಧ್ವನಿವರ್ಧಕ ಮಾತಾಡತೊಡಗಿತು. ಜನ ಖುಷಿಯಿಂದ ಎದ್ದು ನಿಂತರು. ಮೊದಲು ಕೇಳಿದ್ದು ವ್ಯಾಪಾರಿಯ ದನಿ.

“ತಿರುಗಿಸಿ ಸ್ವಾಮಿ, ನಿಮ್ಮ ಕಾಲಿಗೆ ಬೀಳುತ್ತೇನೆ. ನನಗೇನೂ ಅವಸರವಿಲ್ಲ. ನಾಳೆ ಬಸ್ಸಿನಲ್ಲಿ ಹೋಗುತ್ತೇನೆ.”

“ಹೇಗೆ ತಿರುಗಿಸಲಿ? ಅಲ್ಲಿ ಜನ ಹಾರ ಹಿಡಿದು ನಿಂತಿದ್ದಾರೆ,” ಎಂದಿತು ಪೈಲಟ್‌ನ ದನಿ.

ಶಾಮಿಯಾನದಲ್ಲಿ ಹಾರ ಹಿಡಿದು ನಿಂತವರು ತಮ್ಮ ಕೈಯನ್ನು ತಾವೇ ನೋಡಿಕೊಂಡರು. ಆಮೇಲೆ ಅವರಲ್ಲೇ ಹಿರಿಯನೊಬ್ಬ ಹಾರವನ್ನು ಅಲ್ಲೇ ಕುರ್ಚಿಯ ಮೇಲೆ ಹಾಕಿ ತಗಡಿನ ಕೋಣೆಗೆ ಓಡಿದ. ಹಿಂದೆಯೇ ಎಲ್ಲರೂ ಓಡಿದರು. ರೇಡಿಯೊದವನ ಕೈಯಿಂದ ಮೈಕು ಕಿತ್ತುಕೊಂಡು ಹಿರಿಯ ಕೂಗಿದ.

“ನಮಗೆ ಯಾವ ಸನ್ಮಾನವೂ ಬೇಡ ಕಣಪ್ಪಾ! ತಿರುಗಿ ಹೋಗು! ನೀನು ಬದುಕಿದ್ದರೆ ಸಾಕು!”

ಕಿಟಕಿಯ ಹೊರಗೆ ನಿಂತವರೂ ಅದನ್ನೇ ಕೂಗಿದರು. ಹೆಂಗಸರು ಆಕಾಶಕ್ಕೆ ಮುಖ ಮಾಡಿ ಕೂಗಿದರು. ರೇಡಿಯೊದವನು ತಲೆ ಅಲ್ಲಾಡಿಸಿದ. “ಅವರಿಗೆ ಕೇಳುವುದಿಲ್ಲ ಯಜಮಾನರೇ. ಗುಂಡಿ ಒತ್ತಿ ಹಿಡಿದಿದ್ದಾರೆ. ಕೈ ಸಡಿಲ ಬಿಟ್ಟರೆ ಮಾತ್ರ ನಮ್ಮ ಮಾತು ಹೋಗುತ್ತದೆ,” ಎಂದ.

ಅವರು ಕೂಗುತ್ತಲೇ ಇದ್ದರು. ಧ್ವನಿವರ್ಧಕದಲ್ಲಿ ವ್ಯಾಪಾರಿ ತನ್ನ ಮೊಮ್ಮಗುವಿನ ಹೆಸರು ಹೇಳಿ ಅಳುವುದು ಕೇಳಿತು. ಏನೋ ಮುರಿದ ಸದ್ದು ಕೇಳಿತು. ಅದು ರೆಕ್ಕೆ. ಆಮೇಲೆ ರೇಡಿಯೊ ತೆರವಾಯಿತು. ಈಗ ಕೆಳಗಿನವರು ಮಾತಾಡಬಹುದಾಗಿತ್ತು. ಯಾರೂ ಮಾತಾಡಲಿಲ್ಲ.

ಮಾರನೆಯ ದಿನ ಕಣಿವೆಯಿಂದ ಇಬ್ಬರನ್ನೂ ಹೊತ್ತು ತಂದರು. ಶಾಮಿಯಾನ ಇನ್ನೂ ಹಾಗೆಯೇ ಇತ್ತು. ಹಾರ ಬಾಡಿತ್ತು. ಅದನ್ನೇ ಎರಡಾಗಿ ಕತ್ತರಿಸಿ ಇಬ್ಬರಿಗೂ ಹಾಕಿದರು. ಬೆಳ್ಳಿಯ ಉಡುದಾರ ಪೆಟ್ಟಿಗೆಯಲ್ಲಿ ಒಂದು ಗೀರೂ ಇಲ್ಲದೆ ಉಳಿದಿತ್ತು. ನನಗೆ ಆ ವ್ಯಾಪಾರಿಯನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಅವನು ಯಾರ ಹಾರವನ್ನೂ ಬೇಡಿರಲಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಗುರುಶಾಂತ ತಡೆಯಲಾರದೆ ಕೇಳಿದ.

“ಗುರುಗಳೇ, ಅವನು ಒಂದು ಗಳಿಗೆ ಕೈ ಸಡಿಲಿಸಿದ್ದರೆ ಜನ ಕೂಗಿದ್ದು ಕೇಳಿಸುತ್ತಿತ್ತಲ್ಲವೇ?”

“ಕೇಳಿಸುತ್ತಿತ್ತು.”

“ಅಷ್ಟು ಜನ ಅಷ್ಟು ಗಟ್ಟಿಯಾಗಿ ಕೂಗುತ್ತಿದ್ದರು. ಪಾಪಿ, ಅದೊಂದು ಮಾತು ಕೇಳಿಸಿಕೊಳ್ಳದೆ ಸತ್ತನಲ್ಲ!”

ಗುರುಗಳು ಅವನ ಬಿಗಿದ ಮುಷ್ಟಿಯನ್ನು ನೋಡಿದರು. ಆಮೇಲೆ ಬಾಗಿಲಿನ ಕಡೆ ನೋಡಿದರು.

“ಹೊರಗೆ ಜಗಲಿಯಲ್ಲಿ ನಿನ್ನ ತಾಯಿ ಬೆಳಗಿನಿಂದ ಒಂದೇ ಮಾತು ಹೇಳುತ್ತಿದ್ದಾಳೆ, ಏನೆಂದು ಹೇಳು ನೋಡೋಣ.”

ಗುರುಶಾಂತ ಬಾಯಿ ತೆರೆದ. ಅವನಿಗೆ ಗೊತ್ತಿರಲಿಲ್ಲ.