ಗುರಸಿದ್ದನ ಹೆಗಲಿಗೆ ಇರುವೆ ಹರಿದದ್ದು

ಕೇಳ್ರಪ್ಪಾ, ನೇಕಾರರ ಓಣಿಯಲ್ಲಿ ನೀಲವ್ವ ಅಂತ ಒಬ್ಬಾಕೆ ಇದ್ದಳು. ಅವಳಿಗೆ ಒಬ್ಬನೇ ಮಗ, ಗುರಸಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಗೋಳು.

ಒಂದು ದಿನ ಅವನು ಅಟ್ಟದಿಂದ ನೂಲಿನ ಗಂಟು ಇಳಿಸುವಾಗ ಅವ್ವ ಕೂಗಿದಳು, “ಗಂಟು ಕೈಬಿಟ್ಟೀಯೋ, ಹುಷಾರು.” ಏಣಿ ಜಾರಿತು. ಗುರಸಿದ್ದ ಏಣಿ ಬಿಟ್ಟ, ಗಂಟು ಬಿಡಲಿಲ್ಲ. ಬಲ ಹೆಗಲು ಕಳಚಿತು. ಡಾಕ್ಟರು ಎಲುಬು ಕೂರಿಸಿದರು, ಆದರೆ ಕೈ ಮೇಲೇಳಲಿಲ್ಲ. ಮಗ್ಗದ ಹಗ್ಗ ಎಳೆಯುವುದು ಅದೇ ಕೈ. ಮಗ್ಗ ನಿಂತಿತು, ಒಲೆಯೂ ನಿಲ್ಲುವ ಹಾಗಾಯಿತು.

ಆಸ್ಪತ್ರೆಯಲ್ಲಿ ಕರೆಂಟು ಕೊಡುವ ವಿಮಲಕ್ಕ ಹೆಗಲಿಗೆ ವೈರಿನ ಬಿಲ್ಲೆ ಅಂಟಿಸಿದಳು. “ಇರುವಿ ಹರಿದಂಗ ಆದಕೂಡ್ಲೆ ಹೇಳು.”

ಗುರಸಿದ್ದ ಹೆಗಲನ್ನೇ ನೋಡುತ್ತ ಕೂತ. ವಿಮಲಕ್ಕ ಮಷೀನಿನ ಗುಂಡಿ ತಿರುವಿದಳು, ಇನ್ನೂ ತಿರುವಿದಳು. ಸತ್ತ ಹಾಗಿದ್ದ ಕೈ ಜಿಗಿದು ಮೇಲೆದ್ದಿತು.

“ಯಾಕೋ ಹೇಳಲಿಲ್ಲ?”

“ಒಂದೂ ಇರುವಿ ಬರಲಿಲ್ಲರೀ ಅಕ್ಕಾರ.” ಆಮೇಲೆ ಮೆಲ್ಲಗೆ ಅಂದ, “ಅವ್ವಾ, ನಾ ಎತ್ತಲಿಲ್ಲ. ಕೈ ತಾನ ಎದ್ದಿತು.”

ಬೈಯಲು ಬಾಯಿ ತೆರೆದ ನೀಲವ್ವ ಮಷೀನಿಗೆ ಕೈಮುಗಿದಳು.

“ಕಣ್ಲೆ ನೋಡಬ್ಯಾಡ. ಕಣ್ಣು ಮುಚ್ಚು, ಮೈಮ್ಯಾಲೆ ಲಕ್ಷ್ಯ ಇಡು,” ಅಂತ ವಿಮಲಕ್ಕ ಗದರಿದಳು.

ಆಯಿತು. ಅವ್ವ ಔಷಧಿ ಅಂಗಡಿಯಲ್ಲಿ ನಿಂತಾಗ ಮಗ ಕಣ್ಣು ಮುಚ್ಚಿಕೊಂಡೇ ಮನೆಗೆ ನಡೆದ. ಓಣಿಯುದ್ದಕ್ಕೂ ಗಂಜಿ ಹಚ್ಚಿ ಒಣಗಲು ಎಳೆದು ಕಟ್ಟಿದ ನೂಲು, ಅದರೊಳಗೆ ಗುರಸಿದ್ದ. ಓಣಿಯ ಮಂದಿಯೆಲ್ಲ ಸೇರಿ ಅವನನ್ನು ಬಿಡಿಸಿದರು.

“ಖೋಡಿ, ಹಾದ್ಯಾಗ ಯಾರರ ಕಣ್ಣು ಮುಚ್ತಾರೇನು? ಅಕ್ಕಾರು ಹೇಳಿದ್ದು ಮನ್ಯಾಗ ಕೂತು ಮಾಡು,” ಅಂತ ಓಡಿ ಬಂದ ನೀಲವ್ವ ಬೈದಳು.

ಮರುದಿನ ವಿಮಲಕ್ಕ ಮತ್ತೆ ಬಿಲ್ಲೆ ಅಂಟಿಸಿ ಅಂದಳು, “ಇರುವಿ ಹರಿದಂಗ ಆದಾಗ ನೀನೂ ಕೈ ಎತ್ತು. ಮನ್ಯಾಗೂ ದಿನಾ ಹಿಂಗ ಮಾಡು.”

ಮನೆಯಲ್ಲಿ ಮಷೀನು ಎಲ್ಲಿಯದು? ಗುರಸಿದ್ದ ಹೆಗಲಿಗೆ ಬೆಲ್ಲ ಬಳಿದುಕೊಂಡ, ನೇಯುವವರು ಕಾಲಿಳಿಬಿಟ್ಟು ಕೂರುವ ಮಗ್ಗದ ಗುಂಡಿಗಿಳಿದ, ಕಣ್ಣು ಮುಚ್ಚಿ ಕೂತ.

ನೀಲವ್ವ ಬಂದಾಗ ಇರುವೆ ಸಾಲು ಗೋಡೆ ಇಳಿದು ಅವನ ಬೆನ್ನ ಮೇಲೆ ಹತ್ತುತ್ತಿತ್ತು. “ಬೆಲ್ಲ ಹಾಳು ಮಾಡಿದ್ಯಲ್ಲೋ,” ಅನ್ನುವಷ್ಟರಲ್ಲಿ ಅವನು “ಹರಿದಾವ ಅವ್ವಾ,” ಅಂದ. ಕೈ ಎದ್ದಿತು. ವೈರಿಲ್ಲ, ಮಷೀನಿಲ್ಲ, ಕೈ ಎದ್ದು ಹಗ್ಗ ಹಿಡಿದು ಎಳೆಯಿತು. ಲಾಳಿ ಈ ಕಡೆಯಿಂದ ಆ ಕಡೆಗೆ ಓಡಿತು. ನೀಲವ್ವ ಅಲ್ಲೇ ನೆಲಕ್ಕೆ ಕೂತಳು. ಬೈಗುಳ ಮರೆತುಹೋಗಿತ್ತು, ಕಣ್ಣಲ್ಲಿ ನೀರು.

ಬೆಳಗ್ಗೆ ಗುರಸಿದ್ದ ಆಸ್ಪತ್ರೆಗೆ ಒಂದು ಡಬ್ಬಿ ತಂದ. ಅದರ ತುಂಬ ಇರುವೆ. “ಇಟಕೋರಿ ಅಕ್ಕಾರ, ಕರೆಂಟ್ ಹೋದಾಗ ಬೇಕಾಗ್ತಾವ,” ಅಂತ ತಲೆಗಿಂತ ಮೇಲೆ ಎತ್ತಿ ತೋರಿಸಿದ.

ವಿಮಲಕ್ಕ ಡಬ್ಬಿ ನೋಡಲಿಲ್ಲ. ಅದನ್ನು ಎತ್ತಿ ಹಿಡಿದ ಬಲಗೈಯನ್ನೇ ನೋಡುತ್ತ ನಿಂತಳು.